ಸರಕಿಗೆ ಹತ್ತು ಅಂಕಿ, ಮನುಷ್ಯರಿಗೆ ಒಂಬತ್ತು ಅಕ್ಷರ: ಬ್ರೆಕ್ಸಿಟ್ ನಂತರದ ಎರಡು ಸರ್ಕಾರಿ ಸೇವೆಗಳ ವಿಮರ್ಶೆ

ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟದ್ದು ಸರಿಯೋ ತಪ್ಪೋ ಎಂಬ ವಾದ 2016ರ ಜೂನ್ 23ರ ಜನಮತಗಣನೆಯಿಂದ ಇವತ್ತಿನ ತನಕ ಮುಗಿದಿಲ್ಲ. ಶೇ. 51.9 ಒಂದು ಕಡೆ, ಶೇ. 48.1 ಇನ್ನೊಂದು ಕಡೆ. ಇಷ್ಟು ಹತ್ತಿರದ ಅಂತರದಲ್ಲಿ ಜಗಳ ಮುಗಿಯುವುದಾದರೂ ಹೇಗೆ? ಆದರೆ ಆ ಜಗಳದ ಫಲ ದಿನನಿತ್ಯದ ವ್ಯವಹಾರದಲ್ಲಿ ಎಲ್ಲಿ ಬಂದು ಕೂತಿದೆ ಎಂದು ತಿಳಿಯಲು ಭಾಷಣ ಕೇಳಿ ಪ್ರಯೋಜನವಿಲ್ಲ. ಬ್ರಿಟಿಷ್ ಸರ್ಕಾರದ ಗವ್ ಡಾಟ್ ಯುಕೆ ತಾಣದ ಎರಡು ಸೇವೆಗಳನ್ನು ತೆರೆದು ನೋಡಬೇಕು. ಒಂದು, ಸರಕಿನ ಕೋಡ್ (ಕಸ್ಟಮ್ಸ್ ಬಳಸುವ ವರ್ಗೀಕರಣ ಸಂಖ್ಯೆ) ಮತ್ತು ಸುಂಕ ಹುಡುಕುವ 'ಟ್ರೇಡ್ ಟ್ಯಾರಿಫ್'. ಇನ್ನೊಂದು, ವಲಸೆ ಸ್ಥಿತಿಯನ್ನು ಬೇರೆಯವರಿಗೆ ತೋರಿಸಲು 'ಶೇರ್ ಕೋಡ್' ಕೊಡುವ ಸೇವೆ. ಮೊದಲನೆಯದು ಕಂದಾಯ ಮತ್ತು ಕಸ್ಟಮ್ಸ್ ಇಲಾಖೆ ಎಚ್‌ಎಂಆರ್‌ಸಿಯದು, ಎರಡನೆಯದು ಗೃಹ ಇಲಾಖೆ ಹೋಮ್ ಆಫೀಸಿನದು. ಎರಡೂ ಉಚಿತ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸುಂಕದ ದರ ತಿಳಿಯಲು ಟ್ರೇಡ್ ಟ್ಯಾರಿಫ್‌ಗೆ ಐದಕ್ಕೆ ನಾಲ್ಕೂವರೆ. ಆ ದರ ನಿಮ್ಮ ಸರಕಿಗೆ ಸಿಗುತ್ತದೆಯೇ ಎಂದು ತಿಳಿಯಲು ಎರಡು. ಶೇರ್ ಕೋಡ್‌ಗೆ ಎಲ್ಲ ಸರಿಯಿದ್ದ ದಿನ ನಾಲ್ಕು, ಏನಾದರೂ ತಪ್ಪಿದ ದಿನ ಒಂದು.

ಕೋಡ್ ಹುಡುಕುವುದು

ಟ್ರೇಡ್ ಟ್ಯಾರಿಫ್‌ಗೆ ಲಾಗಿನ್ ಬೇಡ. ಹುಡುಕು ಪೆಟ್ಟಿಗೆಯಲ್ಲಿ ವಸ್ತುವಿನ ಹೆಸರು ಹಾಕಬಹುದು, ಇಲ್ಲವೇ 21 ವಿಭಾಗಗಳನ್ನು ಒಂದೊಂದಾಗಿ ತೆರೆಯುತ್ತಾ ಕೆಳಗಿಳಿಯಬಹುದು. ಹೊಸಬರು ಹುಡುಕು ಪೆಟ್ಟಿಗೆಯನ್ನೇ ನಂಬುತ್ತಾರೆ, ಅಲ್ಲೇ ಎಡವುತ್ತಾರೆ. ಅಂಗಡಿಯಲ್ಲಿ ಮಾರುವ ಹೆಸರು ಕಸ್ಟಮ್ಸ್‌ಗೆ ಬೇಡ. ವಸ್ತು ಯಾವುದರಿಂದ ಆಗಿದೆ, ಯಾತಕ್ಕೆ ಬಳಕೆ, ಹೇಗೆ ತಯಾರಾಗಿದೆ ಎಂಬ ಮೂರು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಂಡು ವಿಭಾಗದಿಂದ ಇಳಿದು ಬಂದರೆ ತಪ್ಪುವುದು ಕಡಿಮೆ.

ಹತ್ತಿಯ ಟೀ-ಶರ್ಟನ್ನೇ ತೆಗೆದುಕೊಳ್ಳಿ. ಹೆಣಿಗೆಯ ಬಟ್ಟೆಯಾದ್ದರಿಂದ 61ನೇ ಅಧ್ಯಾಯ, ಟೀ-ಶರ್ಟ್ ಆದ್ದರಿಂದ 6109, ಹತ್ತಿಯಾದ್ದರಿಂದ 6109 10 00. ಅದೇ ಶರ್ಟಿಗೆ ಕಾಲರ್ ಮತ್ತು ಎದೆಯ ಹತ್ತಿರ ಎರಡು ಗುಂಡಿ ಬಂತೆಂದರೆ ಅದು ಟೀ-ಶರ್ಟ್ ಅಲ್ಲ; ಗಂಡಸರದಾದರೆ 6105ಕ್ಕೆ ಹೋಗುತ್ತದೆ. 86 ಸೆಂಟಿಮೀಟರ್ ಎತ್ತರದ ಒಳಗಿನ ಮಗುವಿನದಾದರೆ 6111. ಇವೆಲ್ಲ ಪುಟದ 'ನೋಟ್ಸ್' ಟ್ಯಾಬಿನಲ್ಲಿವೆ. ಯಾರೂ ತೆರೆಯದ ಟ್ಯಾಬ್ ಅದು, ಆದರೆ ಕಾನೂನಿನ ಬಲ ಇರುವುದು ಅದಕ್ಕೇ. ವರ್ಗೀಕರಣದ ಮೊದಲ ನಿಯಮವೇ ಶೀರ್ಷಿಕೆಯ ಪದಗಳು ಮತ್ತು ಅಧ್ಯಾಯದ ಟಿಪ್ಪಣಿಗಳು ನಿರ್ಣಾಯಕ ಎನ್ನುತ್ತದೆ. ಹುಡುಕು ಪೆಟ್ಟಿಗೆ ಬರೀ ದಾರಿ ತೋರುವ ಕೈ.

ಆಮದಿಗೆ ಹತ್ತು ಅಂಕಿ ಬೇಕು, ರಫ್ತಿಗೆ ಎಂಟು ಸಾಕು. ಮೊದಲ ಆರು ಅಂಕಿ ಜಗತ್ತಿನ ಎಲ್ಲೆಡೆ ಒಂದೇ, ಅದರ ಮುಂದಿನವು ಆಯಾ ದೇಶದವು. ಬ್ರಿಟನ್ ಒಕ್ಕೂಟದಲ್ಲಿದ್ದಾಗ ಎರಡೂ ಕಡೆಯ ಹತ್ತೂ ಅಂಕಿ ಒಂದೇ ಇದ್ದವು. ಈಗ ಆರರ ನಂತರ ಒಂದೇ ಇರಬೇಕೆಂಬ ನಿಯಮವಿಲ್ಲ. ಲಂಡನ್ನಿನ ಕಸ್ಟಮ್ಸ್ ಏಜೆಂಟ್ ಕೊಟ್ಟ ಕೋಡನ್ನು ಹಾಗೇ ರಾಟರ್‌ಡ್ಯಾಮಿನ ಏಜೆಂಟಿಗೆ ಕಳುಹಿಸುವ ಹಳೇ ಅಭ್ಯಾಸ ಬಿಡಬೇಕಾದ್ದು ಇದಕ್ಕೇ. ದಿನಾಂಕ ಬದಲಿಸುವ ಸೌಲಭ್ಯವೂ ಇದೆ, ಬಹಳ ಉಪಯುಕ್ತ: ಸರಕು ಗಡಿ ತಲುಪುವ ದಿನಾಂಕ ಹಾಕಿ ನೋಡಿ. ಇವತ್ತಿನ ದರ ನೋಡಿ ಬೆಲೆ ಕೋಟ್ ಮಾಡಿ, ಜನವರಿ 1ರಂದು ಕೋಡ್ ಬದಲಾಗಿ ಒದ್ದಾಡಿದವರು ಎಷ್ಟೋ ಮಂದಿ.

ಕೋಡಿನ ಬಗ್ಗೆ ಅನುಮಾನವಿದ್ದರೆ ಎಚ್‌ಎಂಆರ್‌ಸಿಗೆ ಈಮೇಲ್ ಮಾಡಿ ಸಲಹೆ ಕೇಳಬಹುದು, ಆದರೆ ಅದಕ್ಕೆ ಕಾನೂನಿನ ಬಲವಿಲ್ಲ. ಬಲವಿರುವುದು 'ಅಡ್ವಾನ್ಸ್ ಟ್ಯಾರಿಫ್ ರೂಲಿಂಗ್'ಗೆ. ಅದು ಸಿಕ್ಕರೆ ಮೂರು ವರ್ಷ ನಡೆಯುತ್ತದೆ. ಹಿಂದೆ ಬೇರೆಯವರಿಗೆ ಕೊಟ್ಟ ರೂಲಿಂಗುಗಳನ್ನು ಸಾರ್ವಜನಿಕವಾಗಿ ಹುಡುಕಲೂ ಬಹುದು. ಅರ್ಜಿ ಹಾಕುವ ಮುಂಚೆ ಅಲ್ಲಿ ನೋಡಿದರೆ ಅರ್ಧ ಕೆಲಸ ಮುಗಿಯುತ್ತದೆ. ಒಂದೇ ಎಚ್ಚರಿಕೆ: ಇದು ಉತ್ತರ ಐರ್ಲೆಂಡ್ ಬಿಟ್ಟ ಗ್ರೇಟ್ ಬ್ರಿಟನ್ನಿಗೆ ಮಾತ್ರ. ಫ್ರಾನ್ಸಿನ ಕ್ಯಾಲೇ ಬಂದರಿನ ಅಧಿಕಾರಿಗೆ ಇದನ್ನು ತೋರಿಸಿದರೆ ಅವರು ನಕ್ಕು ವಾಪಸು ಕೊಟ್ಟಾರು.

ಸೊನ್ನೆ ಎಂದು ಬರೆದಿರುವ ಸಾಲು

ಟೀ-ಶರ್ಟಿನ ಆಮದು ಪುಟದಲ್ಲಿ ಮುಖ್ಯವಾಗಿ ಎರಡು ಸಾಲು ಕಾಣುತ್ತವೆ. 'ಥರ್ಡ್ ಕಂಟ್ರಿ ಡ್ಯೂಟಿ', ಅಂದರೆ ರಿಯಾಯಿತಿ ಇಲ್ಲದ ಮಾಮೂಲಿ ಸುಂಕ, ಶೇ. 12. ಅದರ ಕೆಳಗೆ ಯುರೋಪಿಯನ್ ಒಕ್ಕೂಟದ 'ಟ್ಯಾರಿಫ್ ಪ್ರಿಫರೆನ್ಸ್', ಅಂದರೆ ರಿಯಾಯಿತಿ ದರ, ಶೇ. 0. ಇದರ ಹೊರತಾಗಿ ವ್ಯಾಟ್ ಶೇ. 20, ಮಕ್ಕಳ ಬಟ್ಟೆಯಾದರೆ ಸೊನ್ನೆ, ಆದರೆ ಅದಕ್ಕೆ 'ವ್ಯಾಟ್‌ಜೆಡ್' ಎಂಬ ಹೆಚ್ಚುವರಿ ಕೋಡ್ ಹಾಕಲೇಬೇಕು, ತಾನಾಗಿ ಸಿಗುವುದಿಲ್ಲ.

ಆ ಸೊನ್ನೆಯ ಸಾಲಿನಲ್ಲೇ ಬ್ರೆಕ್ಸಿಟ್ಟಿನ ಇಡೀ ವ್ಯಾಪಾರ ಒಪ್ಪಂದ ಅಡಗಿದೆ. 2020ರ ಡಿಸೆಂಬರ್ 24ರಂದು ಕುದುರಿ, 2021ರ ಜನವರಿ 1ರಿಂದ ತಾತ್ಕಾಲಿಕವಾಗಿ, ಮೇ 1ರಿಂದ ಪೂರ್ಣವಾಗಿ ಜಾರಿಗೆ ಬಂದ ಒಪ್ಪಂದವನ್ನು 'ಸುಂಕವೂ ಇಲ್ಲ, ಕೋಟಾವೂ ಇಲ್ಲ' ಎಂದೇ ಜನರಿಗೆ ಮಾರಿದ್ದು. ಮಾತು ಸುಳ್ಳಲ್ಲ. ಪೂರ್ತಿಯೂ ಅಲ್ಲ. ಸೊನ್ನೆ ಸುಂಕ ಸಿಗುವುದು ಯುರೋಪಿನಿಂದ ಬಂದ ಸರಕಿಗಲ್ಲ, ಯುರೋಪ್ 'ಮೂಲ'ದ ಸರಕಿಗೆ. ರಾಟರ್‌ಡ್ಯಾಮಿನ ಗೋದಾಮಿನಿಂದ ಬಂದ ಚೀನಾದ ಟೀ-ಶರ್ಟಿಗೆ ಶೇ. 12 ಕಟ್ಟಲೇಬೇಕು.

ಈ ಸೇವೆಯ ದೊಡ್ಡ ದೋಷ ಇಲ್ಲಿದೆ. ಪುಟದ ಮೇಲ್ಭಾಗದಲ್ಲಿ ದೇಶ ಆಯ್ದುಕೊಳ್ಳುವ ಪಟ್ಟಿ ಇದೆ. ಸರಕು ಫ್ರಾನ್ಸಿನಿಂದ ಹೊರಡುತ್ತದೆ ಎಂದು ಬಳಕೆದಾರ ಫ್ರಾನ್ಸ್ ಆಯ್ದುಕೊಳ್ಳುತ್ತಾನೆ, ಪುಟ ಸೊನ್ನೆ ತೋರಿಸುತ್ತದೆ, ಆತ ನೆಮ್ಮದಿಯಿಂದ ಕಿಟಕಿ ಮುಚ್ಚುತ್ತಾನೆ. ಪ್ರಿಫರೆನ್ಸಿಗೆ ಷರತ್ತಿದೆ ಎಂಬುದು 'ಕಂಡಿಷನ್ಸ್' ಕೊಂಡಿ ಒತ್ತಿದರೆ ಮಾತ್ರ ಕಾಣುತ್ತದೆ, ಮೂಲದ ನಿಯಮಗಳು ಬೇರೆಯೇ 'ಆರಿಜಿನ್' ಟ್ಯಾಬಿನಲ್ಲಿ. 'ಇದು ಹೊರಟ ದೇಶವಲ್ಲ, ತಯಾರಾದ ದೇಶ' ಎಂದು ಪಟ್ಟಿಯ ಪಕ್ಕದಲ್ಲೇ ದಪ್ಪಕ್ಷರದಲ್ಲಿ ಬರೆದಿದ್ದರೆ ಎಷ್ಟೋ ದಂಡದ ನೋಟಿಸು ಉಳಿಯುತ್ತಿತ್ತು.

ಇನ್ನು ಮೂಲ ಎಂದರೇನು? ಟೀ-ಶರ್ಟಿಗೆ ನಿಯಮ ಹೀಗಿದೆ: ಬಟ್ಟೆ ಹೆಣೆಯುವುದು ಮತ್ತು ಕತ್ತರಿಸಿ ಹೊಲಿಯುವುದು, ಎರಡೂ ಬ್ರಿಟನ್ ಅಥವಾ ಒಕ್ಕೂಟದೊಳಗೆ ಆಗಿರಬೇಕು. ಲೆಸ್ಟರ್ ನಗರದ ಒಂದು ಹೊಲಿಗೆ ಘಟಕ ಟರ್ಕಿಯಿಂದ ಹೆಣಿಗೆ ಬಟ್ಟೆ ತರಿಸಿ, ಅಲ್ಲೇ ಕತ್ತರಿಸಿ, ಅಲ್ಲೇ ಹೊಲಿದು, 'ಮೇಡ್ ಇನ್ ಬ್ರಿಟನ್' ಚೀಟಿ ಹಚ್ಚಿ ಜರ್ಮನಿಗೆ ಕಳುಹಿಸಿತು ಎನ್ನೋಣ. ಚೀಟಿ ಸುಳ್ಳಲ್ಲ. ಆದರೆ ಒಪ್ಪಂದದ ಲೆಕ್ಕದಲ್ಲಿ ಅದು ಬ್ರಿಟಿಷ್ ಮೂಲದ ಶರ್ಟ್ ಅಲ್ಲ. ಸರಕಿನ ಬೆಲೆ 6,000 ಯೂರೋ, ಗಡಿಯವರೆಗಿನ ಸಾಗಣೆ 300 ಯೂರೋ ಇದ್ದರೆ ಕಸ್ಟಮ್ಸ್ ಮೌಲ್ಯ 6,300. ಅದರ ಶೇ. 12 ಎಂದರೆ 756 ಯೂರೋ ಸುಂಕ. ಎರಡೂ ಸೇರಿದ 7,056ರ ಮೇಲೆ ಜರ್ಮನಿಯ ಶೇ. 19 ವ್ಯಾಟ್, ಅಂದರೆ 1,340.64. ವ್ಯಾಟನ್ನು ನೋಂದಾಯಿತ ಖರೀದಿದಾರ ವಾಪಸು ಪಡೆಯಬಹುದು. 756 ಹೋದದ್ದು ಹೋಯಿತು.

ಅದೇ ಘಟಕ ಪೋರ್ಚುಗಲ್‌ನಲ್ಲಿ ಹೆಣೆದ ಬಟ್ಟೆ ತರಿಸಿದ್ದರೆ ಸುಂಕ ಸೊನ್ನೆ. ಒಪ್ಪಂದದಲ್ಲಿ ಎರಡೂ ಕಡೆಯ ಕೆಲಸವನ್ನು ಕೂಡಿಸಿ ನೋಡುವ ಅವಕಾಶವಿದೆ: ಹೆಣಿಗೆ ಪೋರ್ಚುಗಲ್‌ದು, ಹೊಲಿಗೆ ಲೆಸ್ಟರ್‌ದು, ನಿಯಮ ಪೂರೈಸಿತು. ಪೋರ್ಚುಗಲ್ ಮಿಲ್ಲಿನಿಂದ 'ಸಪ್ಲೈಯರ್ಸ್ ಡಿಕ್ಲರೇಷನ್' ಎಂಬ ಕಾಗದ ತರಿಸಿಟ್ಟುಕೊಂಡಿರಬೇಕು, ಅಷ್ಟೇ. ಟರ್ಕಿ ಒಕ್ಕೂಟದೊಂದಿಗೆ, ಹೊರಗಿನವರಿಗೆ ಒಂದೇ ಸುಂಕಪಟ್ಟಿ ಹಾಕಿ ತಮ್ಮೊಳಗೆ ಸುಂಕ ಬಿಡುವ ಕಸ್ಟಮ್ಸ್ ಯೂನಿಯನ್‌ನಲ್ಲಿದ್ದರೂ ಈ ಒಪ್ಪಂದದಲ್ಲಿ ಅದರ ಬಟ್ಟೆಗೆ ಜಾಗವಿಲ್ಲ.

ಬಾಂಗ್ಲಾದೇಶದ ಖಾಲಿ ಟೀ-ಶರ್ಟ್ ತರಿಸಿ ಬ್ರಿಟನ್ನಿನಲ್ಲಿ ಚಿತ್ರ ಅಚ್ಚು ಹಾಕಿ ಯುರೋಪಿಗೆ ಮಾರುವವರು ಇನ್ನೂ ಹೆಚ್ಚು ಜಾಗ್ರತೆ ವಹಿಸಬೇಕು. ಲೋಗೋ ಅಚ್ಚು ಹಾಕುವುದು, ಪೊಟ್ಟಣ ಕಟ್ಟುವುದು, ವಿಂಗಡಿಸುವುದು, ಇವೆಲ್ಲ ಮೂಲ ಬದಲಿಸಲು 'ಸಾಕಾಗದ ಕೆಲಸ'ಗಳ ಪಟ್ಟಿಯಲ್ಲಿವೆ. ಬಟ್ಟೆಗೆ ಇಸ್ತ್ರಿ ಹಾಕಿದರೆ ಮೂಲ ಬದಲಾಗುವುದಿಲ್ಲ ಎಂದು ಅಂತರರಾಷ್ಟ್ರೀಯ ಒಪ್ಪಂದದಲ್ಲೇ ಬರೆದಿದ್ದಾರೆ. ಹಿಂದೆ ಯಾರೋ ಪ್ರಯತ್ನಪಟ್ಟಿರಬೇಕು.

ಏನೂ ಕೆಲಸ ಮಾಡದೆ ಬರೀ ದಾಟಿಸಿದರೆ ಒಕ್ಕೂಟದ ಸರಕೂ ತನ್ನ ಸೊನ್ನೆ ಕಳೆದುಕೊಳ್ಳುತ್ತದೆ. 2021ರ ಜನವರಿಯಲ್ಲಿ ಸುದ್ದಿಯಾದ ಮಾರ್ಕ್ಸ್ ಆ್ಯಂಡ್ ಸ್ಪೆನ್ಸರ್‌ನ 'ಪರ್ಸಿ ಪಿಗ್' ಮಿಠಾಯಿಯ ಕಥೆ ಇದೇ: ಜರ್ಮನಿಯಲ್ಲಿ ತಯಾರು, ಬ್ರಿಟನ್ನಿಗೆ ಆಮದು, ಅಲ್ಲಿಂದ ಐರ್ಲೆಂಡಿಗೆ ಮರುರಫ್ತು. ಮಿಠಾಯಿ ಹೊರಟದ್ದೂ ತಲುಪಿದ್ದೂ ಒಕ್ಕೂಟದಲ್ಲೇ, ಆದರೂ ಸುಂಕದ ಪ್ರಶ್ನೆ ಎದ್ದಿತು. ಇದಕ್ಕೆ ಮದ್ದು, ಸರಕನ್ನು ಬ್ರಿಟನ್ನಿನಲ್ಲಿ ಆಮದು ಮಾಡಿಕೊಳ್ಳದೆ ಕಸ್ಟಮ್ಸ್ ಗೋದಾಮಿನಲ್ಲಿಟ್ಟು ಟ್ರಾನ್ಸಿಟ್ ಪತ್ರದ ಮೇಲೆ ಮುಂದೆ ಕಳುಹಿಸುವುದು, ಇಲ್ಲವೇ ಐರ್ಲೆಂಡಿಗೆ ನೇರ ಹಡಗು. ಎರಡಕ್ಕೂ ದುಡ್ಡು ಬೇಕು.

ಇನ್‌ವಾಯ್ಸಿನ ಒಂದು ವಾಕ್ಯ

ಮೂಲ ಇದೆ ಎಂದು ಸಾಬೀತು ಮಾಡುವುದು ಮಾತ್ರ ಆಶ್ಚರ್ಯ ಹುಟ್ಟಿಸುವಷ್ಟು ಸುಲಭ. ಸರ್ಕಾರದ ಮುದ್ರೆ ಬೇಡ, ಚೇಂಬರ್ ಆಫ್ ಕಾಮರ್ಸ್ ಪ್ರಮಾಣಪತ್ರ ಬೇಡ, ಸಹಿಯೂ ಬೇಡ. ಒಪ್ಪಂದದಲ್ಲಿ ಕೊಟ್ಟಿರುವ ಒಂದು ವಾಕ್ಯವನ್ನು ರಫ್ತುದಾರ ತನ್ನ ಇನ್‌ವಾಯ್ಸಿನ ಮೇಲೆ, ಇಲ್ಲವೇ ಸರಕನ್ನು ಗುರುತಿಸುವಂಥ ಬೇರೆ ವ್ಯಾಪಾರಿ ಕಾಗದದ ಮೇಲೆ ಬರೆದರಾಯಿತು. ಆಮದುದಾರ ಅದನ್ನು ಹಿಡಿದು ಬ್ರಿಟಿಷ್ ಕಸ್ಟಮ್ಸ್ ಡಿಕ್ಲರೇಷನ್ನಿನಲ್ಲಿ ಪ್ರಿಫರೆನ್ಸ್ ಕೋಡ್ 300, ಒಂದೇ ಸಾಗಣೆಗಾದರೆ ದಾಖಲೆ ಕೋಡ್ ಯು116, ಹಲವು ಸಾಗಣೆಗಾದರೆ ಯು118 ಹಾಕುತ್ತಾನೆ. ಟ್ರೇಡ್ ಟ್ಯಾರಿಫ್ ಈ ಕೋಡುಗಳನ್ನು ಕಂಡಿಷನ್ಸ್‌ನಲ್ಲಿ ಸರಿಯಾಗಿಯೇ ತೋರಿಸುತ್ತದೆ. ವಾಕ್ಯ ಹೇಗಿರಬೇಕು ಎಂಬುದಕ್ಕೆ ಬೇರೆ ಪುಟ ಹುಡುಕಬೇಕು.

ಈ ವಾಕ್ಯದಲ್ಲಿ ಪದೇ ಪದೇ ಆಗುವ ತಪ್ಪುಗಳು ಗೊತ್ತಿರಲಿ. ಬ್ರಿಟಿಷ್ ರಫ್ತುದಾರ ರೆಫರೆನ್ಸ್ ಸಂಖ್ಯೆಯ ಜಾಗದಲ್ಲಿ ಇಒಆರ್‌ಐ (ಕಸ್ಟಮ್ಸ್ ನೋಂದಣಿ ಸಂಖ್ಯೆ) ಹಾಕಬೇಕು: 'ಜಿಬಿ' ಮತ್ತು ಅದರ ಮುಂದೆ 12 ಅಂಕಿ. ಒಂಬತ್ತು ಅಂಕಿಯ ವ್ಯಾಟ್ ಸಂಖ್ಯೆ ಹಾಕಿದರೆ ನಡೆಯದು. ಒಕ್ಕೂಟದ ರಫ್ತುದಾರನಿಗೆ ಸಾಗಣೆಯ ಬೆಲೆ 6,000 ಯೂರೋ ಮೀರಿದರೆ 'ರೆಕ್ಸ್' (ನೋಂದಾಯಿತ ರಫ್ತುದಾರ) ಸಂಖ್ಯೆ ಬೇಕು, ಅದಕ್ಕಿಂತ ಕಡಿಮೆಯಾದರೆ ಬೇಡ. ಮೂಲದ ಜಾಗದಲ್ಲಿ ಯುನೈಟೆಡ್ ಕಿಂಗ್‌ಡಮ್ ಅಥವಾ ಯುರೋಪಿಯನ್ ಯೂನಿಯನ್ ಎಂದಿರಬೇಕು. 'ಇಟಲಿ', 'ಸ್ಕಾಟ್ಲೆಂಡ್' ಎಂದು ಊರಭಿಮಾನ ತೋರಿಸುವ ಜಾಗ ಅದಲ್ಲ. ಇನ್‌ವಾಯ್ಸಿನಲ್ಲಿ ಹತ್ತು ಬಗೆಯ ಸರಕಿದ್ದು ಮೂರಕ್ಕೆ ಮೂಲ ಇಲ್ಲದಿದ್ದರೆ ಆ ಮೂರನ್ನು ಸಾಲಿನಲ್ಲೇ ಗುರುತು ಮಾಡಬೇಕು. ಹಲವು ಸಾಗಣೆಗೆ ಒಂದೇ ಘೋಷಣೆ ಕೊಡುವಾಗ ಆರಂಭ ಮತ್ತು ಕೊನೆಯ ದಿನಾಂಕ ಹಾಕುವುದು ಕಡ್ಡಾಯ, 12 ತಿಂಗಳಿಗಿಂತ ಹೆಚ್ಚಿಗೆ ಇರಬಾರದು.

ಘೋಷಣೆ ಇಲ್ಲದಿದ್ದರೆ ಇನ್ನೊಂದು ದಾರಿಯಿದೆ, 'ಇಂಪೋರ್ಟರ್ಸ್ ನಾಲೆಡ್ಜ್', ಯು117. ಸರಕು ಹೇಗೆ ತಯಾರಾಯಿತು ಎಂದು ಆಮದುದಾರನಿಗೇ ದಾಖಲೆ ಸಮೇತ ಗೊತ್ತಿದೆ ಎಂದು ಹೇಳುವುದು. ಕಾರ್ಖಾನೆಯ ಒಳಗುಟ್ಟು, ಯಾವ ನೂಲು ಎಲ್ಲಿಂದ, ಎಷ್ಟು ಬೆಲೆಗೆ, ಇದನ್ನೆಲ್ಲ ಯಾವ ರಫ್ತುದಾರ ಬಿಟ್ಟುಕೊಡುತ್ತಾನೆ? ಒಂದೇ ಕಂಪನಿಯ ಎರಡು ಶಾಖೆಗಳ ನಡುವಿನ ವ್ಯವಹಾರ ಬಿಟ್ಟರೆ ಬೇರೆಡೆ ಇದನ್ನು ಬಳಸದಿರುವುದೇ ಲೇಸು. ತನಿಖೆಯಲ್ಲಿ ಮೂಲ ನಿಲ್ಲದೆ ಹೋದರೆ ಸುಂಕ ಕಟ್ಟುವವನು ಆಮದುದಾರ, ವಾಕ್ಯ ಬರೆದವನಲ್ಲ. ಆದ್ದರಿಂದ ಆಮದು ಮಾಡುವವರು ಕನಿಷ್ಠ ಮೂರು ವರ್ಷ, ರಫ್ತು ಮಾಡುವವರು ನಾಲ್ಕು ವರ್ಷ ಕಾಗದ ಇಟ್ಟುಕೊಳ್ಳಬೇಕೆಂದು ಒಪ್ಪಂದ ಹೇಳುತ್ತದೆ. ಘೋಷಣೆ ತಡವಾಗಿ ಕೈಸೇರಿದರೆ ಕಟ್ಟಿದ ಸುಂಕವನ್ನು ಆಮದಾದ ಮೂರು ವರ್ಷದೊಳಗೆ ವಾಪಸು ಕೇಳಬಹುದು ಎಂಬುದು ಬಹಳ ಸಣ್ಣ ವ್ಯಾಪಾರಿಗಳಿಗೆ ಗೊತ್ತೇ ಇಲ್ಲ.

ಒಂದು ತಾಣ, ಎರಡು ಟ್ಯಾರಿಫ್

ಪುಟದ ಮೇಲೆ ಉತ್ತರ ಐರ್ಲೆಂಡಿನ ಟ್ಯಾರಿಫ್‌ಗೆ ಬದಲಾಯಿಸುವ ಕೊಂಡಿ ಇದೆ. ಮನೆಯ ಪಾತ್ರೆ ತೊಳೆಯುವ ಯಂತ್ರ ಹುಡುಕಿ, ಚೀನಾ ಮೂಲ ಎಂದು ಹಾಕಿ ನೋಡಿ. ಬ್ರಿಟನ್ನಿನ ಪುಟದಲ್ಲಿ ಸೊನ್ನೆ; 2021ರಲ್ಲಿ ಸ್ವಂತ ಸುಂಕಪಟ್ಟಿ ತಂದಾಗ ಸಣ್ಣಪುಟ್ಟ ಸುಂಕಗಳನ್ನು ಕಿತ್ತುಹಾಕಿದ್ದರ ಫಲ. ಕೊಂಡಿ ಒತ್ತಿ ಉತ್ತರ ಐರ್ಲೆಂಡಿಗೆ ಹೋದರೆ ಶೇ. 2.7, ಒಕ್ಕೂಟದ ದರ. ಒಂದೇ ದೇಶ, ಒಂದೇ ಯಂತ್ರ, ಎರಡು ದರ. ಯಾವುದನ್ನು ಕಟ್ಟಬೇಕೆಂಬುದು ಆ ಸರಕು ಒಕ್ಕೂಟದಲ್ಲಿರುವ ಐರ್ಲೆಂಡ್ ಗಣರಾಜ್ಯಕ್ಕೆ ದಾಟುವ 'ಅಪಾಯ' ಇದೆಯೇ ಇಲ್ಲವೇ ಎಂಬುದರ ಮೇಲೆ. 'ಅಪಾಯವಿಲ್ಲ' ಎಂದು ಹೇಳಿಕೊಳ್ಳಲು ವ್ಯಾಪಾರಿ ಮೊದಲೇ ಯುಕೆ ಇಂಟರ್ನಲ್ ಮಾರ್ಕೆಟ್ ಸ್ಕೀಮಿನಲ್ಲಿ ನೋಂದಣಿ ಮಾಡಿಸಿಕೊಂಡಿರಬೇಕು. ಉತ್ತರ ಐರ್ಲೆಂಡಿನ ವ್ಯಾಪಾರಕ್ಕಾಗಿ ಬ್ರಿಟನ್ ಮತ್ತು ಒಕ್ಕೂಟ ಮಾಡಿಕೊಂಡ 2023ರ ವಿಂಡ್ಸರ್ ಫ್ರೇಮ್‌ವರ್ಕ್ ಎಂದರೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಲಾರಿಯಲ್ಲಿ ಕೂತ ಚಾಲಕನಿಗೆ ಹಾವೂ ಕೋಲೂ ಎರಡೂ ಒಟ್ಟಿಗೆ ಕಾಣಿಸುತ್ತವೆ.

ಸ್ವಂತ ಸುಂಕಪಟ್ಟಿಯ ಪರವಾಗಿ ಒಂದು ಮಾತು ಹೇಳದಿದ್ದರೆ ಅನ್ಯಾಯ. ಬಿಸ್ಕತ್ತು, ವೇಫಲ್, ಪಿಜ್ಜಾದಂಥ ಆಹಾರಕ್ಕೆ ಒಕ್ಕೂಟ ಬಳಸುವ 'ಮರ್ಸಿಂಗ್' ಕೋಷ್ಟಕ, ಅಂದರೆ ಹಾಲಿನ ಕೊಬ್ಬು, ಹಾಲಿನ ಪ್ರೋಟೀನ್, ಪಿಷ್ಟ, ಸಕ್ಕರೆ ಎಷ್ಟೆಷ್ಟಿದೆ ಎಂದು ಅಳೆದು ಸುಂಕ ಕಟ್ಟುವ ಪದ್ಧತಿಯನ್ನು ಬ್ರಿಟನ್ ಕೈಬಿಟ್ಟಿತು. ಬ್ರಿಟಿಷ್ ಸರ್ಕಾರದ ಲೆಕ್ಕದಲ್ಲೇ ಅದರಲ್ಲಿ 13,000ಕ್ಕೂ ಹೆಚ್ಚು ಬಗೆಗಳಿದ್ದವು. ಒಂದು ಬಿಸ್ಕತ್ತಿಗೆ ಅಷ್ಟೆಲ್ಲ ತಲೆಕೆಡಿಸಿಕೊಂಡವರು ಈಗ ನಿರಾಳ, ಬ್ರಿಟನ್ನಿಗೆ ತರುವಾಗ ಮಾತ್ರ.

ಆಚೆ ದಡದ ಬಗ್ಗೆ ಮೌನ

ರಫ್ತು ಟ್ಯಾಬ್ ತೆರೆದು ಜರ್ಮನಿ ಎಷ್ಟು ಸುಂಕ ಹಾಕುತ್ತದೆ ಎಂದು ಹುಡುಕಿದರೆ ಏನೂ ಸಿಗದು. ಅಲ್ಲಿರುವುದು ಬ್ರಿಟನ್ ಹೊರಗೆ ಕಳುಹಿಸುವಾಗಿನ ನಿರ್ಬಂಧಗಳು ಮಾತ್ರ. ಆಚೆ ಕಡೆಯ ದರಕ್ಕೆ ಒಕ್ಕೂಟದ 'ಆಕ್ಸೆಸ್ ಟು ಮಾರ್ಕೆಟ್ಸ್' ತಾಣಕ್ಕೆ ಹೋಗಬೇಕು. ಅಲ್ಲಿನ 'ರೋಸಾ' ಎಂಬ ಪ್ರಶ್ನೋತ್ತರ ಸಾಧನ ಮೂಲದ ನಿಯಮಗಳನ್ನು ಹಂತಹಂತವಾಗಿ ಕೇಳುತ್ತಾ ಉತ್ತರಕ್ಕೆ ತಲುಪಿಸುತ್ತದೆ. ಬ್ರಿಟಿಷ್ ವ್ಯಾಪಾರಿ ತನ್ನ ಸರಕಿನ ಹಣೆಬರಹ ತಿಳಿಯಲು ಬ್ರಸೆಲ್ಸ್ ನಡೆಸುವ ತಾಣಕ್ಕೆ ಹೋಗಬೇಕಾಗಿ ಬಂದಿರುವುದು ವಿಚಿತ್ರ, ಆದರೂ ಹೋಗಿ, ಚೆನ್ನಾಗಿದೆ.

ಸುಂಕದ ಆಚೆಗೂ ಎಡವುಗಲ್ಲುಗಳಿವೆ. ಜರ್ಮನಿಯಲ್ಲಿ ಆಮದು ಡಿಕ್ಲರೇಷನ್ ಕೊಡಲು ಅಲ್ಲಿ ನೆಲೆ ಇಲ್ಲದ ಬ್ರಿಟಿಷ್ ಮಾರಾಟಗಾರನಿಗೆ ಅವಕಾಶವಿಲ್ಲ. ತನ್ನ ಜವಾಬ್ದಾರಿಯನ್ನೂ ಹೊರುವ ಪರೋಕ್ಷ ಪ್ರತಿನಿಧಿಯನ್ನು ನೇಮಿಸಬೇಕು, ಅವರು ಅದಕ್ಕೆ ತಕ್ಕ ಶುಲ್ಕ ಕೇಳುತ್ತಾರೆ. 'ಡಿಡಿಪಿ' ಷರತ್ತಿಗೆ, ಅಂದರೆ ಸುಂಕ ತೆರಿಗೆ ಎಲ್ಲ ಮಾರುವವನೇ ಕಟ್ಟಿ ತಲುಪಿಸಲು, ಒಪ್ಪಿ ಬೆಲೆ ಕೊಡುವ ಮುಂಚೆ ಇದನ್ನು ಲೆಕ್ಕ ಹಾಕಿ. 2024ರ ಡಿಸೆಂಬರ್ 13ರಿಂದ ಗ್ರಾಹಕ ಉತ್ಪನ್ನಗಳಿಗೆ ಒಕ್ಕೂಟದೊಳಗೆ ಒಬ್ಬ ಜವಾಬ್ದಾರಿ ವ್ಯಕ್ತಿ ಇರಬೇಕು, ಅವರ ಹೆಸರು ವಿಳಾಸ ಉತ್ಪನ್ನದ ಅಥವಾ ಪೊಟ್ಟಣದ ಮೇಲೆ ಇರಬೇಕು. ಟೀ-ಶರ್ಟಿಗೂ ಇದು ಅನ್ವಯ.

ಮಾಂಸ, ಹಾಲು, ಗಿಣ್ಣು ಕಳುಹಿಸುವವರ ಪಾಡು ಬೇರೆಯೇ. ಬ್ರಿಟನ್ನಿನಿಂದ ಹೋಗುವ ಪ್ರತಿ ಸಾಗಣೆಗೆ 2021ರ ಜನವರಿಯಿಂದಲೇ ಪಶುವೈದ್ಯರ ಸಹಿಯ ಪ್ರಮಾಣಪತ್ರ ಬೇಕಾಯಿತು. ಬ್ರಿಟನ್ನಿಗೆ ಬರುವ ಸರಕಿಗೆ ಅದೇ ಬಗೆಯ ಪ್ರಮಾಣಪತ್ರ ಕೇಳಲು ಶುರುಮಾಡಿದ್ದು 2024ರ ಜನವರಿ 31ರಂದು, ಭೌತಿಕ ತಪಾಸಣೆ ಏಪ್ರಿಲ್ 30ರಂದು. ಮೂರು ವರ್ಷ ಯುರೋಪಿನ ರಫ್ತುದಾರನಿಗೆ ಬಾಗಿಲು ತೆರೆದಿತ್ತು, ಬ್ರಿಟಿಷ್ ರೈತನಿಗೆ ಮುಚ್ಚಿತ್ತು. ತಪಾಸಣೆ ಶುರುವಾದಾಗ ಡೋವರ್ ಬಂದರು ಮತ್ತು ಯೂರೋಟನಲ್ ಸುರಂಗದ ಮೂಲಕ ಬರುವವರಿಗೆ 'ಕಾಮನ್ ಯೂಸರ್ ಚಾರ್ಜ್' ಹಾಕಿದರು: ಒಂದು ಸರಕಿನ ಸಾಲಿಗೆ 10ರಿಂದ 29 ಪೌಂಡ್, ಒಂದು ಸಾಗಣೆಗೆ ಹೆಚ್ಚೆಂದರೆ 145. ಲಾರಿಯನ್ನು ತಪಾಸಣೆಗೆ ಕರೆದರೂ ಸರಿ, ಕರೆಯದಿದ್ದರೂ ಸರಿ. ಸುಂಕದ ಸಾಲಿನಲ್ಲಿ ಮಾತ್ರ ಇದು ಕಾಣದು.

ಒಂಬತ್ತು ಅಕ್ಷರ

ಈಗ ಎರಡನೇ ಸೇವೆ. ಬ್ರೆಕ್ಸಿಟ್‌ಗೆ ಮುಂಚೆಯೇ ಬ್ರಿಟನ್ನಿನಲ್ಲಿ ನೆಲೆಸಿದ್ದ ಒಕ್ಕೂಟದ ನಾಗರಿಕರಿಗಾಗಿ 'ಇಯು ಸೆಟ್ಲ್‌ಮೆಂಟ್ ಸ್ಕೀಮ್' ತಂದರು. ಅರ್ಜಿಯ ಸಾಮಾನ್ಯ ಗಡುವು 2021ರ ಜೂನ್ 30. ಐದು ವರ್ಷ ವಾಸವಾಗಿದ್ದರೆ ಸೆಟ್ಲ್ಡ್ ಸ್ಟೇಟಸ್ (ಕಾಯಂ ವಾಸದ ಹಕ್ಕು), ಕಡಿಮೆಯಿದ್ದರೆ ಪ್ರಿ-ಸೆಟ್ಲ್ಡ್ (ತಾತ್ಕಾಲಿಕ). ಚರ್ಚೆಯ ಕಾಲದಲ್ಲಿ 'ಮೂವತ್ತು ಲಕ್ಷ ಜನ' ಎಂಬ ಮಾತು ಎಷ್ಟು ಬಳಕೆಯಲ್ಲಿತ್ತೆಂದರೆ ಅವರ ಹಕ್ಕಿಗಾಗಿ ಹೋರಾಡುವ ಸಂಘಟನೆಯ ಹೆಸರೇ 'ದಿ ತ್ರೀ ಮಿಲಿಯನ್'. ಕೊನೆಗೆ ಸ್ಟೇಟಸ್ ಪಡೆದವರು 50 ಲಕ್ಷಕ್ಕೂ ಹೆಚ್ಚು. ವಲಸೆಯ ಲೆಕ್ಕದ ಮೇಲೆ ಅಷ್ಟೊಂದು ಮಾತಾಡಿದ ದೇಶಕ್ಕೆ ಒಳಗಿದ್ದವರ ಲೆಕ್ಕವೇ ಗೊತ್ತಿರಲಿಲ್ಲ.

ಸ್ಟೇಟಸ್ ಸಿಕ್ಕವರಿಗೆ ಕಾರ್ಡ್ ಕೊಡಲಿಲ್ಲ. ಕೆಲಸ ಸೇರಲು, ಇಂಗ್ಲೆಂಡಿನಲ್ಲಿ ಮನೆ ಬಾಡಿಗೆಗೆ ಹಿಡಿಯಲು ಶೇರ್ ಕೋಡ್ ತೆಗೆಯಬೇಕು. ಖಾತೆ ತೆರೆದಾಗ ಬಳಸಿದ ಗುರುತಿನ ದಾಖಲೆಯ ಸಂಖ್ಯೆ, ಹುಟ್ಟಿದ ದಿನಾಂಕ, ಫೋನಿಗೋ ಈಮೇಲಿಗೋ ಬರುವ ಆರಂಕಿಯ ಸೆಕ್ಯೂರಿಟಿ ಕೋಡ್ ಹಾಕಿ ಒಳಹೋಗಬೇಕು. ಯಾತಕ್ಕೆ ಬೇಕೆಂದು ಕೇಳುತ್ತದೆ: ಕೆಲಸಕ್ಕಾದರೆ ಡಬ್ಲ್ಯು, ಬಾಡಿಗೆಗಾದರೆ ಆರ್, ಬೇರೆ ಎಲ್ಲಕ್ಕೂ ಎಸ್ ಅಕ್ಷರದಿಂದ ಶುರುವಾಗುವ ಒಂಬತ್ತು ಅಕ್ಷರದ ಕೋಡ್. 90 ದಿನ ನಡೆಯುತ್ತದೆ, ಎಷ್ಟು ಜನರಿಗೆ ಬೇಕಾದರೂ ಕೊಡಬಹುದು. ಎಸ್ ಕೋಡನ್ನು ಕೆಲಸ ಕೊಡುವ ಮಾಲೀಕನಿಗೆ ಕೊಡುವುದೇ ಅತಿ ಸಾಮಾನ್ಯ ತಪ್ಪು.

ಕೆಲಸ ಕೊಡುವವರು ಮಾಡುವ ತಪ್ಪು ಇನ್ನೂ ದುಬಾರಿ. ಅಭ್ಯರ್ಥಿ ತನ್ನ ಫೋನಿನಲ್ಲಿ ತೋರಿಸಿದ ಪುಟ ನೋಡಿ ಒಪ್ಪಿಬಿಟ್ಟರೆ ಅದು ತಪಾಸಣೆ ಎಂದು ಲೆಕ್ಕಕ್ಕಿಲ್ಲ. ಮಾಲೀಕರಿಗೆಂದೇ ಇರುವ ಬೇರೆ ಪುಟದಲ್ಲಿ ಕೋಡ್ ಮತ್ತು ಹುಟ್ಟಿದ ದಿನಾಂಕ ಹಾಕಿ, ಬಂದ ಫೋಟೋ ಎದುರಿಗಿರುವವರದೇ ಎಂದು ನೋಡಿ, ಆ ಪುಟವನ್ನು ದಿನಾಂಕ ಸಮೇತ ಉಳಿಸಿಕೊಳ್ಳಬೇಕು. ಕೆಲಸದಲ್ಲಿರುವಷ್ಟು ದಿನ ಮತ್ತು ಬಿಟ್ಟ ಮೇಲೆ ಎರಡು ವರ್ಷ ಅದು ಕಡತದಲ್ಲಿರಬೇಕು. 2024ರ ಫೆಬ್ರವರಿ 13ರಿಂದ ಹಕ್ಕಿಲ್ಲದ ಒಬ್ಬ ನೌಕರನಿಗೆ ಮೊದಲ ಸಲದ ದಂಡ 45,000 ಪೌಂಡ್‌ವರೆಗೆ, ಮರುಕಳಿಸಿದರೆ 60,000ದವರೆಗೆ. ಐರಿಷ್ ನಾಗರಿಕರಿಗೆ ಇದು ಯಾವುದೂ ಬೇಡ, ಪಾಸ್‌ಪೋರ್ಟ್ ಸಾಕು. ಅವರಿಗೂ ಶೇರ್ ಕೋಡ್ ಕೇಳಿ ಪೀಡಿಸಬಾರದು.

ಎಲ್ಲಿ ಕೈಕೊಡುತ್ತದೆ? ಹಳೇ ಫೋನ್ ನಂಬರ್, ಹಳೇ ಈಮೇಲ್ ಎರಡೂ ಕೈತಪ್ಪಿದ್ದರೆ ಒಳಹೋಗುವ ದಾರಿಯೇ ಕಟ್ಟಾಗುತ್ತದೆ, ಖಾತೆ ಮರಳಿ ಪಡೆಯುವ ಪ್ರಕ್ರಿಯೆಗೆ ಹೋಗಬೇಕು. ಗುರುತಿನ ಚೀಟಿಯಲ್ಲಿ ಅರ್ಜಿ ಹಾಕಿ ಪಾಸ್‌ಪೋರ್ಟಿನಲ್ಲಿ ಪ್ರಯಾಣಿಸುವವರು, ಪಾಸ್‌ಪೋರ್ಟ್ ನವೀಕರಿಸಿ ಖಾತೆಗೆ ಸೇರಿಸದವರು ವಿಮಾನ ನಿಲ್ದಾಣದ ಕೌಂಟರಿನಲ್ಲಿ ಸಿಕ್ಕಿಬೀಳುತ್ತಾರೆ. ಸ್ಟೇಟಸ್ ಇರುತ್ತದೆ, ಕೈಯಲ್ಲಿರುವ ಪುಸ್ತಕಕ್ಕೆ ಅದರ ಕೊಂಡಿ ಇರುವುದಿಲ್ಲ. ಹೊಸ ಪಾಸ್‌ಪೋರ್ಟ್ ಬಂದ ದಿನವೇ ಸೇರಿಸಿ. ಅರ್ಜಿ ಬಾಕಿಯಿದ್ದು ಕೋಡ್ ಹುಟ್ಟದಿದ್ದರೆ ಮಾಲೀಕರು 'ಎಂಪ್ಲಾಯರ್ ಚೆಕಿಂಗ್ ಸರ್ವಿಸ್'ಗೆ ಕೇಳಬಹುದು. ಹೌದು ಎಂಬ ಉತ್ತರ ಬಂದರೆ ಆರು ತಿಂಗಳ ರಕ್ಷಣೆ ಸಿಗುತ್ತದೆ.

ಪ್ರಿ-ಸೆಟ್ಲ್ಡ್‌ನವರ ವಿಷಯದಲ್ಲಿ ಸುಧಾರಣೆ ಆಗಿದೆ, ತಾನಾಗಿ ಅಲ್ಲ. ಎರಡನೇ ಸಲ ಅರ್ಜಿ ಹಾಕದಿದ್ದರೆ ಹಕ್ಕೇ ಹೋಗುತ್ತದೆ ಎಂಬ ನಿಯಮ ಕಾನೂನುಬಾಹಿರ ಎಂದು 2022ರ ಡಿಸೆಂಬರಿನಲ್ಲಿ ಹೈಕೋರ್ಟ್ ಹೇಳಿತು. ಆಮೇಲೆ ಅವಧಿ ತಾನಾಗಿ ಮುಂದುವರಿಯುವಂತಾಯಿತು. 2025ರ ಜನವರಿಯಿಂದ ಅರ್ಹರನ್ನು ಅರ್ಜಿಯಿಲ್ಲದೆಯೇ ಸೆಟ್ಲ್ಡ್‌ಗೆ ಏರಿಸುವ ಕೆಲಸವೂ ಶುರುವಾಯಿತು.

ಎರಡು ಸೇವೆಗಳನ್ನೂ ಅಕ್ಕಪಕ್ಕ ಇಟ್ಟರೆ ಒಂದು ವೈಚಿತ್ರ್ಯ ಕಣ್ಣಿಗೆ ಹೊಡೆಯುತ್ತದೆ. ಟೀ-ಶರ್ಟಿನ ಮೂಲಕ್ಕೆ ಅದನ್ನು ಮಾರುವವನೇ ಬರೆದ, ಸಹಿಯೂ ಇಲ್ಲದ ವಾಕ್ಯ ಸಾಕು. ಇಪ್ಪತ್ತು ವರ್ಷ ಆ ದೇಶದಲ್ಲಿ ಬಾಳಿದ ಮನುಷ್ಯನ ಕೈಗೆ ಒಂದು ತುಂಡು ಕಾಗದ ಕೊಡಲಿಲ್ಲ. ಸಾಕ್ಷಿ ಸರ್ಕಾರದ ಸರ್ವರಿನಲ್ಲಿದೆ, ಸರ್ವರ್ ಮಲಗಿದರೆ ಸಾಕ್ಷಿಯೂ ಮಲಗುತ್ತದೆ.

ಯಾವ ಸಾಲು ಅಳಿಸಿಹೋಗುತ್ತದೆ

ಬ್ರಿಟನ್–ಯುರೋಪ್ ಸಂಬಂಧ ಸುಧಾರಿಸುವ ಪ್ರಸ್ತಾಪಗಳನ್ನು ಅಳೆಯಲು ಈ ಪುಟಗಳೇ ಒಳ್ಳೆಯ ಅಳತೆಗೋಲು. ಯಾರಾದರೂ ಹೊಸ ಒಪ್ಪಂದದ ಮಾತಾಡಿದರೆ, ಇದರಿಂದ ಯಾವ ಸಾಲು ಅಳಿಸಿಹೋಗುತ್ತದೆ ಎಂದು ಕೇಳಿ. 2025ರ ಮೇ 19ರ ಲಂಡನ್ ಶೃಂಗಸಭೆಯಲ್ಲಿ ಕುದುರಿಸಲು ಒಪ್ಪಿದ ಆಹಾರ ಮತ್ತು ಸಸ್ಯ-ಪ್ರಾಣಿ ಆರೋಗ್ಯದ ಒಪ್ಪಂದ ಕೈಗೂಡಿದರೆ ಪಶುವೈದ್ಯರ ಪ್ರಮಾಣಪತ್ರಗಳ ಸಾಲು ಹೋಗುತ್ತದೆ. ಲೆಸ್ಟರ್ ಟೀ-ಶರ್ಟಿನ 756 ಯೂರೋ ಹಾಗೇ ಉಳಿಯುತ್ತದೆ. ಆ ಸಾಲು ಹೋಗಬೇಕಾದರೆ ಕಸ್ಟಮ್ಸ್ ಯೂನಿಯನ್ ಬೇಕು, ಆಗ ಬ್ರಿಟನ್ ಸ್ವಂತ ಸುಂಕಪಟ್ಟಿಯನ್ನೂ ಸೊನ್ನೆ ಸುಂಕದ ಪಾತ್ರೆ ತೊಳೆಯುವ ಯಂತ್ರವನ್ನೂ ಬಿಟ್ಟುಕೊಡಬೇಕು. 'ನಾರ್ವೆಯಂತೆ ಏಕಮಾರುಕಟ್ಟೆಗೆ ಸೇರಿದರೆ ಎಲ್ಲ ಸರಿ' ಎನ್ನುವವರು ನಾರ್ವೆ–ಸ್ವೀಡನ್ ನಡುವಿನ ಸ್ವಿನೆಸುಂಡ್ ಗಡಿಯಲ್ಲಿ ಇವತ್ತಿಗೂ ಕಸ್ಟಮ್ಸ್ ಕಚೇರಿ ಇರುವುದನ್ನು ಮರೆಯುತ್ತಾರೆ: ಏಕಮಾರುಕಟ್ಟೆಯಲ್ಲಿ ಜನ ಮುಕ್ತವಾಗಿ ಓಡಾಡುವುದರಿಂದ ಶೇರ್ ಕೋಡ್ ಬೇಕಾಗದು, ಅದು ಕಸ್ಟಮ್ಸ್ ಯೂನಿಯನ್ ಅಲ್ಲವಾದ್ದರಿಂದ ಮೂಲದ ನಿಯಮ ಬೇಕಾಗುತ್ತದೆ. ಟರ್ಕಿಯದು ಇದರ ತಿರುವುಮುರುವು. 1995ರ ಕೊನೆಯ ದಿನದಿಂದ ಕಸ್ಟಮ್ಸ್ ಯೂನಿಯನ್ ಇದೆ, ಕೈಗಾರಿಕಾ ಸರಕಿಗೆ ಮೂಲ ಸಾಬೀತು ಮಾಡಬೇಕಿಲ್ಲ, ಆದರೆ ಬಲ್ಗೇರಿಯಾ ಕಡೆಯ ಕಪಿಕುಲೆ ಗಡಿಯಲ್ಲಿ ಲಾರಿಗಳ ಸಾಲು, ಚಾಲಕನಿಗೆ ವೀಸಾ. ಕಸ್ಟಮ್ಸ್ ಯೂನಿಯನ್, ಏಕಮಾರುಕಟ್ಟೆ, ಮುಕ್ತ ಓಡಾಟ ಮೂರೂ ಬೇಡ ಎಂದೇ 2024ರಲ್ಲಿ ಲೇಬರ್ ಪಕ್ಷ ಗೆದ್ದು ಬಂದದ್ದು.

ಲೆಸ್ಟರಿನಿಂದ ಹೊರಟ ಲಾರಿಯ ಬ್ರಿಟಿಷ್ ಚಾಲಕನಿಗೆ ಸದ್ಯಕ್ಕೆ ವೀಸಾ ಬೇಡ, ಆದರೆ ಯಾವುದೇ 180 ದಿನಗಳ ಅವಧಿಯಲ್ಲಿ ಷೆಂಗೆನ್ ಪ್ರದೇಶದೊಳಗೆ (ಒಳಗಡಿ ತಪಾಸಣೆ ಇಲ್ಲದ ಯುರೋಪಿನ ದೇಶಗಳ ಗುಂಪು) 90 ದಿನ ಮಾತ್ರ. ಒಳಹೋದ ದಿನ, ಹೊರಬಂದ ದಿನ ಎರಡೂ ಪೂರ್ತಿ ದಿನವೆಂದೇ ಲೆಕ್ಕ. ಮೊದಲು ಪಾಸ್‌ಪೋರ್ಟಿನ ಮುದ್ರೆ ಎಣಿಸುತ್ತಿದ್ದರು. 2025ರ ಅಕ್ಟೋಬರ್ 12ರಿಂದ ಬೆರಳಚ್ಚು, ಮುಖದ ಫೋಟೋ ಪಡೆಯುವ ಹೊಸ ವ್ಯವಸ್ಥೆ ಹಂತಹಂತವಾಗಿ ಬಂದಿದ್ದು, ಎಣಿಸುವುದು ಯಂತ್ರ. ವಾರಕ್ಕೆ ನಾಲ್ಕು ದಿನ ಆಚೆ ಓಡುವವರಿಗೆ 23ನೇ ವಾರದಲ್ಲಿ 90 ದಾಟುತ್ತದೆ; ಕಂಪನಿಗಳು ಚಾಲಕರ ಸರದಿ ಹಾಕುವಾಗ ಕೊನೆಯ ಎರಡು ವಾರ ಕೈಯಲ್ಲಿ ಉಳಿಸಿಕೊಂಡೇ ಹಾಕುವುದು ಒಳ್ಳೆಯದು.